ಊರಿಗಿಂತ ಮುಂದೆ ಓಡುವವರಿಗೆ

ಮಂಗಳವಾರ, ಮಧ್ಯಾಹ್ನ
ಅಂಗಡಿಯಿಂದ

ಅಂದಾಜು ಸಾಹೇಬರಿಗೆ,

ನಿಮ್ಮ ಆಫೀಸಿನವರು ಇಟ್ಟ ಹೆಸರಿನಿಂದಲೇ ಕರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ‘ಪ್ರೀತಿಯ’ ಅಂತ ಶುರು ಮಾಡೋಣವೆಂದು ಪೆನ್ನು ಹಿಡಿದೆ, ಕೈ ಏಳಲಿಲ್ಲ. ನಿಮ್ಮ ಪತ್ರ ಬಂದು ಎಷ್ಟೋ ದಿನವಾಯಿತು. ಶಾಲೆ ತೆರೆಯುವ ಸಮಯ, ಸಮವಸ್ತ್ರದ ರಾಶಿ ತಲೆಯ ಮಟ್ಟಕ್ಕೆ ಬಂದಿದೆ, ಅದಕ್ಕೇ ತಡವಾಯಿತು ಎಂದು ಬರೆಯಬಹುದು. ಅದು ಅರ್ಧ ನಿಜ.

ಊರಂಚಿನ ಹೊಸ ಮನೆಗೆ ಬಾ, ಮುಂದಿನ ವರ್ಷ ನೀರಿನ ಪೈಪು ಬರುತ್ತದೆ, ಅದರ ಹಿಂದೆಯೇ ರೈಲು ಬರುತ್ತದೆ, ಕೆಳಗೆ ರಸ್ತೆಗೆ ಮುಖ ಮಾಡಿದ ಕೋಣೆಯಿದೆ, ನಿನ್ನ ಹೊಲಿಗೆ ಅಂಗಡಿಗೆ ಹೇಳಿ ಮಾಡಿಸಿದ ಹಾಗಿದೆ, ಇದೇ ನಮ್ಮ ಕೊನೆಯ ಮನೆ ಎಂದೆಲ್ಲ ಬರೆದಿದ್ದೀರಿ. ಸುತ್ತಿ ಬಳಸಿ ಹೇಳುವುದು ನನಗೆ ಗೊತ್ತಿಲ್ಲ. ನಾನು ಬರುವುದಿಲ್ಲ.

ನೀವು ಈಗ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿರುತ್ತೀರಿ. ಒರೆಸಿಕೊಂಡು ಮುಂದಕ್ಕೆ ಓದಿ.

ಈ ಮಹಾನಗರಕ್ಕೆ ಮುಂದೆ ಎಷ್ಟು ಜನ ಬರುತ್ತಾರೆ, ಎಲ್ಲಿಂದ ಬರುತ್ತಾರೆ, ಬಂದವರು ಯಾವ ದಿಕ್ಕಿಗೆ ಹರಡಿಕೊಳ್ಳುತ್ತಾರೆ ಎಂದು ಲೆಕ್ಕ ಹಾಕುವುದು ನಿಮ್ಮ ಕೆಲಸ. ಆ ಕೆಲಸದಲ್ಲಿ ನಿಮ್ಮನ್ನು ಮೀರಿಸಿದವರಿಲ್ಲ, ಒಪ್ಪಿಕೊಂಡೆ. ಆದರೆ ಊರಿನ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಗೆರೆ ಎಳೆದು, ಊರು ನಾಳೆ ಇಲ್ಲಿಗೆ ಬರುತ್ತದೆ ಎಂದು ಹೇಳಿ ಸುಮ್ಮನಿರುವುದು ಬಿಟ್ಟು, ಆ ಗೆರೆಯ ಮೇಲೆ ಹೆಂಡತಿ ಮಗಳನ್ನು ಒಯ್ದು ಕೂರಿಸುವ ಅಧಿಕಾರಿ ಇಡೀ ಲೋಕದಲ್ಲಿ ನೀವೊಬ್ಬರೇ ಇರಬೇಕು. ಇಟ್ಟಿಗೆ ಗೂಡಿನ ಪಕ್ಕದ ಮನೆಯಲ್ಲಿ ನಾನು ಒಣಗಲು ಹಾಕಿದ ಬಿಳಿ ಬಟ್ಟೆ ಸಂಜೆಗೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಅಲ್ಲಿಗೆ ದೀಪ, ಬಸ್ಸು, ಔಷಧಿ ಅಂಗಡಿ ಬಂದು, ಇನ್ನು ಮನುಷ್ಯರ ಹಾಗೆ ಬದುಕಬಹುದು ಎನ್ನುವಷ್ಟರಲ್ಲಿ ಬಸ್ ಡಿಪೋ ಹಿಂದಿನ ಬಯಲಿಗೆ ಗಂಟುಮೂಟೆ ಕಟ್ಟಿಸಿದಿರಿ. ಅಲ್ಲಿ ಬೀದಿ ತುಂಬಿತು. ಹೊರಡು ಅಂದಿರಿ. ಬತ್ತಿದ ಕೆರೆಯಂಗಳದಲ್ಲಿ ಸೊಳ್ಳೆಗಳ ಜೊತೆ ಸಂಸಾರ ಮಾಡಿದೆವು. ಅಲ್ಲಿಗೂ ಜನ ಬಂದರು, ನೀವು ಹೇಳಿದ ಹಾಗೇ ಬಂದರು. ಬಂದ ಕೂಡಲೇ ನಿಮಗೆ ಉಸಿರು ಕಟ್ಟಿತು, ಈ ಬೀದಿಗೆ ಕರೆತಂದಿರಿ.

ಪ್ರತಿ ಸಲ ನಿಮ್ಮ ಅಂದಾಜು ಸರಿಯಾಗುತ್ತಿತ್ತು. ನನಗೆ ಮೈ ಉರಿಯುವುದು ಅದಕ್ಕೇ. ಒಂದೇ ಒಂದು ಸಲ ತಪ್ಪಾಗಿದ್ದರೆ, ನಾನು ಹೇಳಿರಲಿಲ್ಲವೇ ಎಂದು ಎರಡು ಮಾತು ಆಡಿ ಹಗುರಾಗುತ್ತಿದ್ದೆ. ನೀವು ಆ ಸುಖವನ್ನೂ ಕೊಡಲಿಲ್ಲ.

ಹೊಲಿಗೆಯವಳ ಕೆಲಸ ಹೇಗೆ ನಡೆಯುತ್ತದೆ ಎನ್ನುವುದು ಇಷ್ಟು ವರ್ಷ ಜೊತೆಗಿದ್ದೂ ನಿಮ್ಮ ತಲೆಗೆ ಹೋಗಲಿಲ್ಲ. ಮೊದಲು ಕಿತ್ತುಹೋದ ಗುಂಡಿ ಹಾಕಿಸಲು ಬರುತ್ತಾರೆ. ಆಮೇಲೆ ಪ್ಯಾಂಟಿನ ಅಂಚು ಮಡಿಸಲು ತರುತ್ತಾರೆ. ನಾಲ್ಕಾರು ಸಲ ನೋಡಿ, ಇವಳು ಬಟ್ಟೆ ಹಾಳು ಮಾಡುವುದಿಲ್ಲ ಎಂದು ನಂಬಿಕೆ ಬಂದ ಮೇಲೆ ಹೊಸ ಬಟ್ಟೆಗೆ ಕತ್ತರಿ ಹಾಕಲು ಬಿಡುತ್ತಾರೆ. ಒಬ್ಬ ಗಿರಾಕಿಯನ್ನು ಗುಂಡಿಯಿಂದ ಕೋಟಿನವರೆಗೆ ಕರೆತರಲು ವರ್ಷಗಳು ಬೇಕು. ನಾನು ಮೂರು ಕಡೆ ಗುಂಡಿಯಿಂದ ಶುರು ಮಾಡಿದೆ. ಮೂರು ಕಡೆಯೂ ಕೋಟು ಬರುವ ಹೊತ್ತಿಗೆ ಮನೆ ಮುಂದೆ ಲಾರಿ ಬಂದು ನಿಂತಿತ್ತು.

ನಮ್ಮ ಮಗಳದು ಬೇರೆ ಕಥೆ. ಈಗ ಅವಳು ದೂರದ ಆಸ್ಪತ್ರೆಯಲ್ಲಿ ದಾದಿ, ಫೋನಿನಲ್ಲಿ ನಗುತ್ತಲೇ ಮಾತಾಡುತ್ತಾಳೆ. ಹೋದ ತಿಂಗಳು ನಗುತ್ತಲೇ ಒಂದು ಮಾತು ಹೇಳಿದಳು. ಶಾಲೆಯಲ್ಲಿ ಕೊನೆಕೊನೆಗೆ ಯಾರ ಜೊತೆಗೂ ಗೆಳೆತನ ಬೇಡ ಅನ್ನಿಸ್ತಿತ್ತಮ್ಮ, ಹೇಗಿದ್ರೂ ಅಪ್ಪ ಅಲ್ಲಿಂದ ಎಬ್ಬಿಸಿಬಿಡ್ತಾರಲ್ಲ ಅಂತ. ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಇದನ್ನು ನಿಮಗೆ ಹೇಳಬಾರದು ಎಂದುಕೊಂಡಿದ್ದೆ, ಹೇಳಿಬಿಟ್ಟೆ.

ಈ ನಾಲ್ಕನೆಯ ಮನೆಯಿಂದ ಹೊರಡು ಅಂದಾಗ ನಾನು ಹೊಲಿಗೆ ಯಂತ್ರದ ಮುಂದಿನಿಂದ ಏಳಲಿಲ್ಲ. ನೀವು ಟ್ರಂಕು ಎತ್ತಿಕೊಂಡು ಹೋದಿರಿ. ಬಾಗಿಲಲ್ಲಿ ನಿಂತು, ನೀನಿಲ್ಲಿ ಹೇಗೆ ಇರ್ತೀಯೋ ನೋಡ್ತೀನಿ, ಈ ಬೀದಿ ಇನ್ನು ನೀನು ಅಂದ್ಕೊಂಡ ಹಾಗಿರಲ್ಲ, ಅಂದಿರಿ. ಹೌದು ಮಾರಾಯರೇ, ಅದೂ ಸರಿಯಾಯಿತು. ಈ ಬೀದಿಯಲ್ಲಿ ಈಗ ಕಾಲಿಡಲು ಜಾಗವಿಲ್ಲ. ಒಬ್ಬರಿದ್ದ ಮನೆಯಲ್ಲಿ ಮೂರು ಸಂಸಾರ. ನೀರು ಬಿಡುವ ಹೊತ್ತಿಗೆ ಮೆಟ್ಟಿಲ ತುಂಬ ಕೊಡಪಾನ, ಬಕೆಟ್ಟು, ಅವುಗಳ ಹಿಂದೆ ಜಗಳ. ಬೆಳಿಗ್ಗೆ ಬಸ್ಸಿನ ನೂಕುನುಗ್ಗಲಲ್ಲಿ ಗಂಡಸರ ಅಂಗಿಯ ಗುಂಡಿ ಕಿತ್ತುಹೋಗುತ್ತದೆ, ಸಂಜೆ ಅದನ್ನು ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಾರೆ. ಬಸ್ಸು ಇನ್ನೂ ತುಂಬಲಿ ಎಂದು ನನ್ನ ಸಹಾಯಕಿ ಗುಂಡಿಯಮ್ಮ ಹಾರೈಸುತ್ತಾಳೆ.

ಮೇಲಿನ ಕೋಣೆಯಲ್ಲಿ ಒಂದೇ ಮಂಚ ಹಂಚಿಕೊಂಡಿರುವ ಇಬ್ಬರಿದ್ದಾರೆ. ಒಬ್ಬ ಕಾರ್ಖಾನೆಯ ರಾತ್ರಿ ಪಾಳಿ, ಇನ್ನೊಬ್ಬ ಹಗಲು ಕಟ್ಟಡದ ಕೆಲಸ. ಒಬ್ಬ ಏಳುವಾಗ ಇನ್ನೊಬ್ಬ ಮಲಗುತ್ತಾನೆ, ಮಂಚಕ್ಕೆ ಮಾತ್ರ ರಜೆಯಿಲ್ಲ. ಕಟ್ಟಡದವನು ತೋಳು ಗಿಡ್ಡ ಮಾಡಲು ಒಂದು ಕೋಟು ಕೊಟ್ಟ, ಕಾರ್ಖಾನೆಯವನು ಬಂದು ಹಾಕಿ ನೋಡಿದ, ಅವನಿಗೆ ತೋಳು ಮೇಲೇರಿತು. ಕೋಟೂ ಇಬ್ಬರದೇ ಅಂತೆ. ನನಗೇನು ಗೊತ್ತು. ಯಾರ ಅಳತೆಗೆ ಹೊಲಿಯಲಿ ಎಂದರೆ, ಅವನನ್ನೇ ಕೇಳಿ ಹೇಳ್ತೀನಿ, ಭಾನುವಾರ ಸಿಗ್ತಾನೆ, ಅಂದ. ಇವರಿಬ್ಬರೂ ನಿಮ್ಮ ನಕ್ಷೆಯಲ್ಲಿ ಎರಡು ಚುಕ್ಕೆ. ನನಗೆ ಅವರು ದಿನಾ ಮಾತಾಡಿಸುವ ಜನ. ರೇಗಿಸುತ್ತಾರೆ, ತಲೆ ತಿನ್ನುತ್ತಾರೆ, ಜ್ವರ ಬಂದು ಅಂಗಡಿ ತೆರೆಯದಿದ್ದರೆ ಬಾಗಿಲು ಬಡಿಯುತ್ತಾರೆ.

ನಿಮಗೆ ಜನ ಬೇಕು, ಆದರೆ ಅವರು ಇನ್ನೂ ಬರುತ್ತಿರಬೇಕು. ಬಂದವರು ಪಕ್ಕದಲ್ಲಿ ಕೂತು ಕೆಮ್ಮಿದರೆ ನಿಮಗೆ ಆಗುವುದಿಲ್ಲ.

ಇನ್ನೊಂದು ಸಿಟ್ಟು ಉಳಿದಿದೆ. ಕೆರೆಯಂಗಳದ ಮನೆಯಲ್ಲಿದ್ದಾಗ ನಿಮ್ಮ ಆಫೀಸಿನ ಪ್ರಶ್ನೆಗಳನ್ನು ನನ್ನ ಮೇಲೆ ಪ್ರಯೋಗ ಮಾಡಿ ನೋಡಿದ್ದು ನೆನಪಿದೆಯೇ? ಇಲ್ಲಿಗೆ ಬಂದ ಕಾರಣ ಎಂಬ ಪ್ರಶ್ನೆ ಬಂದಾಗ ನೀವು ನನ್ನ ಮುಖವನ್ನೂ ನೋಡದೆ, ‘ಗಂಡನ ಜೊತೆ’ ಎಂದು ಬರೆದುಕೊಂಡಿರಿ. ನಾನು ಬಾಯಿ ತೆರೆದಿದ್ದೆ. ಹೆಂಗಸರೆಲ್ಲ ಇದನ್ನೇ ಹೇಳೋದು, ಕೇಳೋದೇ ದಂಡ, ಅಂದಿರಿ. ಉಳಿದುಕೊಂಡ ಕಾರಣ ಏನು ಎಂದು ನಿಮ್ಮ ಆಫೀಸು ಯಾರನ್ನಾದರೂ ಕೇಳುತ್ತದೆಯೇ? ಕೇಳಿದರೆ ನನ್ನ ಹತ್ತಿರ ಉತ್ತರವಿದೆ. ಈ ಬೀದಿಯ ಕೊನೆಯ ಮನೆಯ ಮೇಷ್ಟ್ರು ಹೋದ ವಾರ ಮಗಳ ಮದುವೆಯ ಕೋಟಿಗೆ ಬಟ್ಟೆ ತಂದುಕೊಟ್ಟರು. ಗುಂಡಿಯಿಂದ ಶುರುವಾದ ಗಿರಾಕಿ ಅವರು.

ಮೈ ಹುಷಾರು. ಒಬ್ಬರೇ ಇದ್ದೀರೆಂದು ಬರೀ ಬ್ರೆಡ್ಡು ತಿಂದು ಮಲಗಬೇಡಿ. ಸಿಟ್ಟು ಬೇರೆ, ಇದು ಬೇರೆ.

ಇಂತಿ,
ಬೀದಿ ತುಂಬಿದರೂ ಜಾಗ ಬಿಡದ,
ನಿಮ್ಮ ಹೊಲಿಗೆಯವಳು

ಮರೆತ ಮಾತು: ಮರೆತಿರಲಿಲ್ಲ, ಬರೆಯುವುದು ಬೇಡ ಎಂದುಕೊಂಡಿದ್ದೆ. ಪತ್ರ ಮಡಿಸಿದ ಮೇಲೆ ತಡೆಯಲಾಗಲಿಲ್ಲ. ಭಾನುವಾರ ನಾನು ನಿಮ್ಮ ಮನೆಗೆ ಬಂದಿದ್ದೆ. ಸುಮ್ಮನೆ ನೋಡಿಹೋಗಲು ಅಲ್ಲ, ಇರಲೆಂದೇ ಬಂದಿದ್ದೆ. ಅಂಗಡಿಯನ್ನು ಗುಂಡಿಯಮ್ಮನಿಗೆ ವಹಿಸಿ, ಎರಡು ಚೀಲ ತುಂಬಿಕೊಂಡು, ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಇಳಿದು, ಆ ಮಣ್ಣುದಾರಿಯಲ್ಲಿ ನಡೆದು ಬಂದೆ. ಮೇಷ್ಟ್ರ ಕೋಟನ್ನು ನಿಮ್ಮ ಮನೆಯಲ್ಲೇ ಕೂತು ಹೊಲಿದು ತಂದುಕೊಡೋಣ ಎಂದು ಆ ಬಟ್ಟೆಯೂ ಚೀಲದಲ್ಲಿತ್ತು. ನಿಮ್ಮ ಬಾಗಿಲಿಗೆ ಬೀಗ. ಕಾವಲುಗಾರನ ಹೆಂಡತಿ ಹೊರಗೆ ಬಂದು, ಸಾರ್ ಇಲ್ಲಮ್ಮ, ಕಲ್ಲುಗಣಿ ಆಚೆ ಹೊಸ ಮನೆ ನೋಡೋಕೆ ಹೋಗಿದ್ದಾರೆ, ಬರೋ ತಿಂಗಳು ಇದನ್ನ ಖಾಲಿ ಮಾಡ್ತಾರೆ, ನೀವು ಬಾಡಿಗೆಗೆ ಕೇಳೋಕೆ ಬಂದ್ರಾ, ಅಂದಳು. ನಾನು ಹೌದು ಅಂದೆ. ಬೇರೆ ಏನು ಹೇಳಲಿ?

ಬೀಗ ತೆಗೆದು ತೋರಿಸಿದಳು. ಕೆಳಗಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಮೇಜು ಇತ್ತು. ಸಾರ್ ಅವರ ಮನೆಯವರಿಗೆ ಅಂತ ತಾವೇ ಕೂತು ಮಾಡಿದ್ದು, ಇದನ್ನೂ ಅಲ್ಲಿಗೆ ಸಾಗಿಸ್ತಾರಂತೆ, ಅಂದಳು. ಅವಳು ಕಿಟಕಿ ತೆಗೆಯಲು ಅತ್ತ ಹೋದಾಗ ನಾನು ಮೇಜಿಗೆ ಒರಗಿ ನಿಂತು ನೋಡಿದೆ. ಎತ್ತರ ನನ್ನ ಸೊಂಟಕ್ಕೆ ಸರಿಯಾಗಿತ್ತು, ಬೆರಳಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ, ಬಯ್ದುಕೊಂಡೆ, ಮತ್ತೆ ಅತ್ತೆ.

ಆ ಮೇಜನ್ನು ಕಲ್ಲುಗಣಿಯ ಆಚೆಗೆ ಒಯ್ಯಬೇಡಿ. ಲಾರಿಯನ್ನು ಇತ್ತ ತಿರುಗಿಸಿ. ಹಳೆಯ ಬೀರು ಹೊರಗೆ ಹಾಕಿಸಿ, ಅಂಗಡಿಯಲ್ಲಿ ಮೇಜಿಗೆ ಜಾಗ ಮಾಡಿದ್ದೇನೆ. ನಿಮಗೆ ಇನ್ನೂ ಮಾಡಿಲ್ಲ.