ಸತ್ತ ಸೈನಿಕನ ಪರವಾಗಿ

ಸದಾಶಿವಣ್ಣಾ, ನಮಸ್ಕಾರ.

ಭಾನುವಾರ ಮೊಬೈಲಿನಲ್ಲಿ ನಾವೆಲ್ಲ ಆಡುವ ದಾಳದಾಟದಲ್ಲಿ ನನ್ನ ಪಾತ್ರವಾದ ಸೈನಿಕ ಗಾಯಗೊಂಡು ಬಿದ್ದ ಹೊತ್ತಿಗೇ ನಿಲ್ಕುಂದದಲ್ಲಿ ನೆಟ್ ಹೋಯಿತು. ಇನ್ನೂ ಬಂದಿಲ್ಲ, ಅದಕ್ಕೇ ಈ ಪತ್ರವನ್ನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ. ಶಿರಸಿಯ ನಿಮ್ಮ ಪರದೆಯ ಮೇಲೆ ಆ ಸೈನಿಕ ಮದ್ದು ಸಿಗದೆ ಸತ್ತಿರಬೇಕು. ಸಾಯಲಿ ಬಿಡಿ, ಅವನಿಗೂ ನನ್ನಷ್ಟೇ ಸುಸ್ತು.

ಆದರೆ ಚಾರ್ಜಿಗಿಟ್ಟ ನನ್ನ ಹೆಂಡತಿ ಶಿವರಂಜನಿಯ ಮೊಬೈಲ್ ನೋಡಿದೆ. ನೆಟ್ ಇಲ್ಲದೆಯೇ ಆಟದಲ್ಲಿ ಅವಳ ಪಾತ್ರವಾದ ವೈದ್ಯೆ ತನ್ನ ಕೊನೆಯ ಔಷಧಿಯನ್ನು ನನ್ನ ಸೈನಿಕನಿಗೆ ಕುಡಿಸಿ ಬದುಕಿಸಿದ್ದಾಳೆ. ಯುಗಾದಿಯಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಸಾರನ್ನೂ ಮ್ಯೂಟ್ ಮಾಡಿಯೇ ಬಡಿಸುತ್ತಾಳೆ.

ನೆಟ್ ಬಂದಾಗ, ಅವನು ಸತ್ತ ನಿಮ್ಮ ಪ್ರತಿಯೋ ಬದುಕಿದ ಅವಳ ಪ್ರತಿಯೋ, ಯಾವುದನ್ನು ಉಳಿಸಲಿ ಎಂದು ಆ್ಯಪ್ ಆಟ ನಡೆಸುವ ನಿಮ್ಮನ್ನೇ ಕೇಳುತ್ತದೆ. ನಿಯಮ ಬದಿಗಿಟ್ಟು ಅವಳದ್ದನ್ನೇ ಒತ್ತಿ. ನಾನು ನೋಡಿದೆನೆಂದು ಅವಳಿಗೆ ಹೇಳಬೇಡಿ. ಬದುಕಿಸಿದ ಸುದ್ದಿಯನ್ನು ಅವಳೇ ನನಗೆ ಬಾಯಿಬಿಟ್ಟು ಹೇಳಲಿ.

ಅಲ್ಲಿ ಸತ್ತು, ಇಲ್ಲಿ ಕಾಯುತ್ತಿರುವ,
ವಿನೋದ