ತಂತಿ ಎತ್ತುವ ಗಳ

ಪ್ರೀತಿಯ ಚಿಕ್ಕಪ್ಪ,

ಜಡೆ ಊರಿನ ನಿನ್ನ ಮನೆ ತಿರುವಿನಲ್ಲಿ ಹುಲ್ಲಿನ ಲೋಡು ಹೊತ್ತ ಟ್ರ್ಯಾಕ್ಟರ್ ಹಾರ್ನ್ ಹೊಡೆದರೆ ನೀನು ಊಟದಿಂದಲೂ ಎದ್ದು ಬರುತ್ತಿದ್ದೆ. ತುದಿಯಲ್ಲಿ ಕವಲಿದ್ದ ಒಣ ಬಿದಿರಿನ ಗಳದಿಂದ, ಜೋತುಬಿದ್ದ ಕರೆಂಟಿನ ತಂತಿಯನ್ನು ಮೇಲೆತ್ತಿ ಹಿಡಿಯುತ್ತಿದ್ದೆ. ಲೋಡು ದಾಟುವವರೆಗೆ ನಿನಗೆ ಭಯವಾಗುತ್ತಿತ್ತೇ? ನಾನು ಕೇಳಲೇ ಇಲ್ಲ.

ಒಂದು ಭಾನುವಾರ ಜಗಲಿಯಲ್ಲಿ ನೀನೇ ಕೇಳಿದೆ: "ಹೊದಿಕೆ ಇರೋ ಕೇಬಲ್ ಬಂದೈತಂತಲ್ಲೋ. ಅದನ್ನ ಎಳೆದ್ರೆ ನಿಮ್ಮಪ್ಪನ ಗಂಟೇನು ಹೋಗ್ತೈತೆ?"

ಶಿಕಾರಿಪುರದ ಕಚೇರಿಯಲ್ಲಿ ಲೈನುಗಳ ಅಂದಾಜುಪಟ್ಟಿ ಮಾಡುವವನು ನಾನು. ವಿವರಿಸಿದೆ. ಎಳೆಯುವಾಗ ಹೊದಿಕೆಯಿಲ್ಲದ ಬರಿ ತಂತಿಯೇ ಅಗ್ಗ. ಆಮೇಲೆ ಕೊಂಬೆ ಕಡಿಸುವುದು, ಗಾಳಿಗೆ ತಂತಿಗಳು ತಾಗಿ ಸುಟ್ಟರೆ ರಿಪೇರಿ, ಕೊಕ್ಕೆ ಹಾಕಿ ಕದಿಯುವ ಕರೆಂಟು, ಎಲ್ಲ ಸೇರಿಸುತ್ತ ಹೋದರೆ ಕೇಬಲ್ ಅಷ್ಟೇನೂ ದುಬಾರಿಯಲ್ಲ. ಆದರೆ ನಿನ್ನ ತಿರುವಿನಲ್ಲಿ ಮರಗಳಿಲ್ಲ, ಬರಿ ತಂತಿ ಸಾಕು ಎಂದೆ.

"ನಾನು ಗಳ ಹಿಡ್ಕಂಡು ನಿಲ್ಲೋದನ್ನ ಯಾವ ಕಡೆ ಸೇರಿಸೀಯಾ ಮಾರಾಯ?" ಎಂದು ನೀನು ನಕ್ಕೆ. ನಾನೂ ನಕ್ಕೆ. ನನ್ನ ಕೈಯಲ್ಲಿ ಅನುವಾದದ ಕಾದಂಬರಿಯೊಂದಿತ್ತು. "ಓದು, ಓದು. ಯಾವ್ದೋ ದೇಶದೋರ ಕಷ್ಟ ನಿಂಗೆ ಚೆನ್ನಾಗಿ ತಿಳೀತೈತೆ" ಎಂದೆಯಲ್ಲ, ಅದು ಬರಿ ತಮಾಷೆಯೇ?

ಜ್ವರ ಬಂದು ನೀನು ಹೋದ ಮೇಲಿನ ಸುಗ್ಗಿ. ನಾನು ನಿಮ್ಮ ಮನೆಯಲ್ಲಿದ್ದಾಗಲೇ ಹಾರ್ನ್ ಕೇಳಿತು. ಎಲ್ಲರೂ ನನ್ನನ್ನೇ ನೋಡಿದರು. ಗಳ ಎತ್ತಿದೆ. ತಂತಿಗೆ ತಾಗುವ ಮೊದಲೇ ಕೆಳಗಿಳಿಸಿದೆ.

"ಎತ್ರೀ ಸಾಹೇಬ್ರೇ, ಹಿಂದೆ ಬಸ್ಸು ನಿಂತೈತೆ," ಎಂದ ಡ್ರೈವರ್.

"ಕೊಡು ಇಲ್ಲಿ," ಎಂದು ಚಿಕ್ಕಮ್ಮ ಗಳ ತೆಗೆದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಂತಿ ಎತ್ತಿ ನಿಂತಳು. ಆಗ ನಾನು ಏನು ಮಾಡುತ್ತಿದ್ದೆ ಗೊತ್ತೇ? ದೂರದಲ್ಲಿ ನಿಂತು, ಆಗಲೇ ನಿಂತಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದು...

ಆ ವಾರವೇ ನಿನ್ನ ತಿರುವಿಗೆ ಹೊಸ ಅಂದಾಜು ಬರೆದೆ. ಬರಿ ತಂತಿಯ ಖರ್ಚಿನ ಕೆಳಗೆ "ಸುಗ್ಗಿಯಲ್ಲಿ ತಂತಿ ಎತ್ತಲು ಒಬ್ಬರು" ಎಂದು ಸೇರಿಸಿದೆ; ಲೆಕ್ಕ ಕೇಬಲ್ ಕಡೆಗೆ ವಾಲಿತು. ಗಳ ನಿನ್ನ ಕೈಯಲ್ಲಿದ್ದಷ್ಟು ದಿನ ನನಗೆ ಹೊಳೆಯದ ಸಾಲು ಅದು.

"ಯಾರ್ರೀ ಈ ಒಬ್ಬರು?" ಎಂದರು ಮೇಲಧಿಕಾರಿ.

"ನಮ್ಮ ಚಿಕ್ಕಮ್ಮ, ಸಾರ್."

ಅವರು ಆ ಸಾಲನ್ನು ಇನ್ನೊಮ್ಮೆ ಓದಿ ಸಹಿ ಹಾಕಿದರು.

ನಿನ್ನ ತಿರುವಿಗೆ ಈಗ ಎತ್ತರದ ಕಂಬ, ಕಪ್ಪು ಕೇಬಲ್ ಬಂದಿದೆ ಚಿಕ್ಕಪ್ಪ. ಲೋಡುಗಳು ನಿಲ್ಲದೆ ಹೋಗುತ್ತವೆ. ಹಾರ್ನ್ ಕೇಳಿದರೆ ಚಿಕ್ಕಮ್ಮ ಇನ್ನೂ ಗಳ ಹಿಡಿದು ಹೊರಗೆ ಬರುತ್ತಾಳೆ. ಮೇಲೆ ನೋಡುತ್ತಾಳೆ, ಒಳಗೆ ಹೋಗುತ್ತಾಳೆ. ನಾನು ಜಗಲಿಯಲ್ಲೇ ಕೂತಿದ್ದರೂ ಅವತ್ತಿನ ಹಾಗೆ ನನ್ನ ಕಡೆ ನೋಡುವುದಿಲ್ಲ.