ಏಳನೇ ಮರದ ಪೊಟರೆ

ಮನೆಯಿಂದ,
ಮಾರ್ಚ್ ೧೨, ಗುರುವಾರ

ಪ್ರೀತಿಯ ತಂಗೀ,

ಕಾಲು ಹೇಗಿದೆ? ಪ್ಲಾಸ್ಟರಿನೊಳಗೆ ತುರಿಸುತ್ತದೆಂದು ಹೆಣಿಗೆ ಕಡ್ಡಿ ತೂರಿಸಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಮಗಳ ಮನೆಯಲ್ಲಿ ಕೂತು ತಿನ್ನುವ ಯೋಗ ಪದೇ ಪದೇ ಬರುವುದಿಲ್ಲ. ಅಳಿಯ ಮುಖ ಗಂಟಿಕ್ಕಿದರೆ ನನಗೆ ಬರೆ.

ನಿನ್ನ ಹನ್ನೊಂದು ಮುದಿ ಮರಗಳನ್ನು ಪ್ರತಿ ಸೋಮವಾರ ನೋಡಿ ಬರುತ್ತಿದ್ದೇನೆ. ಸುತ್ತಿಗೆಯಿಂದ ಬೊಡ್ಡೆ ತಟ್ಟಿ ಸದ್ದು ಕೇಳುವುದು, ಒಣಗಿದ ಕೊಂಬೆ ಎಣಿಸುವುದು, ಪೊಟರೆಯ ಮುಂದೆ ಕಾಲು ಗಂಟೆ ಕುಕ್ಕರುಗಾಲಲ್ಲಿ ಕೂತು ಎಷ್ಟು ದುಂಬಿ ಹೊರಬಂದವೆಂದು ಬರೆಯುವುದು. "ಏನ್ ಯಜಮಾನ್ರೇ, ಮರಕ್ಕೆ ಜ್ವರಾನಾ?" ಎಂದು ಉದ್ಯಾನದ ಕಾವಲುಗಾರ ಕಿಚಾಯಿಸುತ್ತಾನೆ. "ನಿನಗಿಂತ ಗಟ್ಟಿಯಾಗಿದೆ ಕಣಯ್ಯಾ" ಅನ್ನುತ್ತೇನೆ.

ಹೊರಡುವಾಗ ನೀನು ಹೇಳಿದ್ದು ಇಷ್ಟೇ: "ಅಣ್ಣಾ, ನೋಡು, ಬರಿ, ಮುಟ್ಟಬೇಡ." ಮೂವತ್ತೈದು ವರ್ಷ ಕಂಡವರ ಗೋಡೆಯ ಬಿರುಕು ಮುಚ್ಚಿಯೇ ಮೇಲೆ ಬಂದವನಿಗೆ ಆ ಕೊನೆಯ ಮಾತು ಕಷ್ಟ. ಏಳನೇ ಮರ, ಅದೇ, ರಸ್ತೆ ಅಗಲ ಮಾಡಲು ನಗರಸಭೆಯವರು ಕೇಳುತ್ತಿರುವುದು, ಅದರ ಪೊಟರೆಯೊಳಗೆ ಮೊಳಕೈವರೆಗೆ ಕೈ ಹೋಯಿತು. ಒಳಗೆಲ್ಲ ಒದ್ದೆ ಹುಡಿ, ಹೆಬ್ಬೆರಳು ದಪ್ಪದ ಬಿಳಿ ಹುಳು. ಇವು ಮರವನ್ನೇ ತಿಂದು ಮುಗಿಸುತ್ತಿವೆ, ನಮ್ಮ ತಂಗಿ ಎಣಿಸುತ್ತ ಕೂತಿದ್ದಾಳೆ ಅನ್ನಿಸಿತು. ಹಳೆಯ ಗಾರೆಕೆಲಸದವನನ್ನು ಕರೆದೊಯ್ದು ಅವುಗಳ ಮೇಲೆಯೇ ಸಿಮೆಂಟ್ ತುಂಬಿಸಿ, ತೊಗಟೆಯ ಬಣ್ಣ ಬಳಿಸಿದೆ. ಕಾವಲುಗಾರನಿಗೂ ಗುರುತು ಸಿಗಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಮೀಸೆ ತಿರುವಿಕೊಂಡೆ.

ಆ ಹುಳುಗಳೇ ನಿನ್ನ ದುಂಬಿಗಳ ಮರಿಗಳು, ಅವು ತಿನ್ನುವುದು ಸತ್ತ ತಿರುಳನ್ನಷ್ಟೇ ಎಂದು ನಿನ್ನ ನೋಟ್‌ಬುಕ್ಕಿನ ಎರಡನೇ ಪುಟದಲ್ಲೇ ಇದೆ. ನಾನು ಓದಿದ್ದು ಮೊನ್ನೆ. ಸಿಮೆಂಟಿನ ಚೀಲದ ಮೇಲಿನದನ್ನು ಮಾತ್ರ ಮೊದಲೇ ಓದಿದ್ದೆ.

ಮಗಳಿಗೂ ಅಳಿಯನಿಗೂ ಆಶೀರ್ವಾದ. ನೀನು ಬೇಗ ಊರುಗೋಲಿಲ್ಲದೆ ಮೆಟ್ಟಿಲು ಹತ್ತುವಂತಾಗಲಿ.

ನಿನ್ನ
ಅಣ್ಣ

ಮರೆತಿದ್ದೆ ಎಂದು ಬರೆಯಲು ಹೊರಟಿದ್ದೆ, ಮರೆತಿರಲಿಲ್ಲ. "ದುಂಬಿ ಲೆಕ್ಕ ತೋರಿಸಿಯೇ ಆ ಮರ ಉಳಿಸ್ಕೋತೀನಿ" ಎಂದು ಬರೆದಿದ್ದೀಯಲ್ಲ, ನಗರಸಭೆಗೆ ನಾನು ಬರೆದು ಕಳಿಸಿದ ಲೆಕ್ಕದ ಹಾಳೆಗಳನ್ನು ಕಳಿಸಬೇಡ. ಸಿಮೆಂಟ್ ಹಾಕಿಸಿದ ಮೇಲಿನ ನಾಲ್ಕು ಸೋಮವಾರದವು, ಒಂಬತ್ತು, ಎಂಟು, ಹತ್ತು, ಒಂಬತ್ತು, ನಾನು ಮುಟ್ಟಿದ್ದು ನಿನಗೆ ತಿಳಿಯದಿರಲೆಂದು ಊಟದ ಮೇಜಿನ ಮೇಲೆ ಬರೆದವು. ಅನುಮಾನ ಬರಬಾರದೆಂದು ನಡುವೆ ಒಂದು ಕಮ್ಮಿ ಮಾಡಿದ್ದೂ ನಾನೇ. ಇವತ್ತು ಬೆಳಿಗ್ಗೆ ಉಳಿ ಹಿಡಿದು ಎಲ್ಲ ಒಡೆದು ತೆಗೆದೆ. ಕಾಲು ಗಂಟೆಯಲ್ಲ, ಮಧ್ಯಾಹ್ನದವರೆಗೆ ಕೂತೆ. ಸೊನ್ನೆ. ಇದನ್ನು ಎಣಿಸಿ ಬರೆದಿದ್ದೇನೆ.